ಹಾಜರಿ ಪುಸ್ತಕದಿಂದ ಮಾತು ಶುರುವಾಗಲಿ

ಪ್ರಶ್ನೆ: ನಾನು ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ. ಏಳನೇ ತರಗತಿಯವರೆಗೆ ಓದಿದ್ದೇನೆ. ನಮ್ಮ ಶಾಲೆಯಲ್ಲಿ ಒಂದರಿಂದ ಎಂಟರವರೆಗೆ ಈಗ 96 ಮಕ್ಕಳಿದ್ದಾರೆ. ನನ್ನ ದೊಡ್ಡ ಮಗಳು ಸೇರಿದಾಗ ಇದರ ಎರಡರಷ್ಟು ಇದ್ದರು. ಮೂವರು ಕಾಯಂ ಶಿಕ್ಷಕರು, ಒಬ್ಬರು ಅತಿಥಿ ಶಿಕ್ಷಕರು. ಪ್ರತಿ ಸಭೆಯಲ್ಲೂ ಮೂರೇ ಮಾತು. ಶಿಕ್ಷಕರು ‘ಪಾಲಕರಿಗೆ ಕಾಳಜಿ ಇಲ್ಲ’ ಎನ್ನುತ್ತಾರೆ, ಪಾಲಕರು ‘ಪಾಠ ಸರಿಯಾಗಿ ನಡೆಯುವುದಿಲ್ಲ’ ಎನ್ನುತ್ತಾರೆ, ಊರ ಹಿರಿಯರು ‘ಇಂಗ್ಲಿಷ್ ಮಾಧ್ಯಮ ತಂದರೆ ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಚಹಾ ಕುಡಿದು, ಸಹಿ ಹಾಕಿ ಏಳುತ್ತೇವೆ. ಕಳೆದ ವರ್ಷ ಎಂಟನೇ ತರಗತಿ ಮುಗಿಸಿದ ಇಬ್ಬರು ಹುಡುಗಿಯರು ಒಂಬತ್ತಕ್ಕೆ ಹೋಗಲೇ ಇಲ್ಲ. ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಸಭೆಯಲ್ಲಿ ನಾನು ಏನು ಮಾತನಾಡಬೇಕು? ಮಾತನಾಡಿದರೆ ಏನಾದರೂ ಆಗುತ್ತದೆಯೇ?

ಉತ್ತರ: ನಿಮ್ಮ ಪತ್ರದ ಅತ್ಯಂತ ಭಾರವಾದ ಸಂಗತಿ ಕೊನೆಯಲ್ಲಿ ಬಂದಿದೆ. ಇಬ್ಬರು ಹುಡುಗಿಯರು ಶಾಲೆ ಬಿಟ್ಟರು, ಯಾರೂ ಮಾತೆತ್ತಲಿಲ್ಲ. ಉಳಿದ ಮೂರು ಮಾತುಗಳನ್ನು ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದಷ್ಟು ವರ್ಷವೂ ನಾನು ಕೇಳಿದ್ದೇನೆ. ಮೂರರಲ್ಲೂ ಅರ್ಧ ನಿಜವಿದೆ. ಆದರೆ ಅವುಗಳನ್ನು ಆಡುವುದೇ ಕೈತೊಳೆದುಕೊಳ್ಳುವುದಕ್ಕೆ. ‘ಪಾಲಕರಿಗೆ ಕಾಳಜಿ ಇಲ್ಲ’ ಎಂದುಬಿಟ್ಟರೆ ಶಿಕ್ಷಕರಿಗೆ ಮಾಡಲು ಏನೂ ಉಳಿಯುವುದಿಲ್ಲ. ‘ಪಾಠ ನಡೆಯುವುದಿಲ್ಲ’ ಎಂದುಬಿಟ್ಟರೆ ಪಾಲಕರ ಪಾಲಿನ ಕೆಲಸ ಮುಗಿಯಿತು. ಇನ್ನು ಇಂಗ್ಲಿಷ್ ಮಾಧ್ಯಮ ಬೆಂಗಳೂರಿನಿಂದ ಬರಬೇಕಾದದ್ದು. ಅದು ಬರುವತನಕ ಊರಿನಲ್ಲಿ ಯಾರೂ ಏನೂ ಮಾಡಬೇಕಾಗಿಲ್ಲ!

ಹಾಗಾಗಿ ಸಭೆಯ ಮೊದಲ ಪ್ರಶ್ನೆಯನ್ನೇ ಬದಲಿಸಿ. ‘ಶಾಲೆಯನ್ನು ಹೇಗೆ ಸುಧಾರಿಸೋಣ’ ಎಂದು ಕೇಳಿದರೆ ಭಾಷಣ ಸಿಗುತ್ತದೆ. ‘ಹೋದ ತಿಂಗಳು ಹತ್ತು ದಿನಕ್ಕಿಂತ ಹೆಚ್ಚು ತಪ್ಪಿಸಿಕೊಂಡ ಮಕ್ಕಳು ಯಾರು, ಅವರ ಮನೆ ಯಾವ ಓಣಿಯಲ್ಲಿದೆ’ ಎಂದು ಕೇಳಿ. ಹಾಜರಿ ಪುಸ್ತಕವನ್ನು ಮೇಜಿನ ಮೇಲೆ ತರಿಸಿ, ಹೆಸರುಗಳನ್ನು ಓದಿಸಿ.

ಏಳನೇ ತರಗತಿ ಓದಿದವಳು ನಾನು ಕೇಳಬಹುದೇ ಎಂಬ ಅಳುಕು ನಿಮ್ಮ ಪತ್ರದಲ್ಲಿ ಕಾಣುತ್ತದೆ. ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಗಳು 2001ರಿಂದ ಇವೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಬಂದ ಮೇಲೆ ಇಂತಹ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಲೇಬೇಕು. ಹಿಂದುಳಿದ ಸಮುದಾಯಗಳ ಪಾಲಕರಿಗೂ ಅವರ ಮಕ್ಕಳ ಸಂಖ್ಯೆಗೆ ತಕ್ಕ ಪಾಲು ಸಿಗಬೇಕು. ಆ ಕುರ್ಚಿ ನಿಮಗೆ ಯಾರ ದಯೆಯಿಂದಲೂ ಬಂದದ್ದಲ್ಲ. (ಸದಸ್ಯೆಯ ಬದಲು ಆಕೆಯ ಗಂಡ ಬಂದು ಸಹಿ ಹಾಕುವ ಸಭೆಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ನೀವು ಖುದ್ದಾಗಿ ಹೋಗಿ ಕೂರುತ್ತಿದ್ದೀರಿ ಎಂಬುದೇ ನನಗೆ ಸಮಾಧಾನ.)

ಹೆಸರು ಓದಿದರೆ ಏನಾಗುತ್ತದೆ? ನಿಮ್ಮ ಕಡೆಯದೇ ಒಂದು ಶಾಲೆಯ ಅನುಭವ ಹೇಳುತ್ತೇನೆ. ಊರ ಹೆಸರು ಬೇಡ. ಅಲ್ಲಿನ ಮುಖ್ಯ ಶಿಕ್ಷಕರು ದಾಖಲಾತಿ ನೂರಕ್ಕೆ ನೂರು ಎಂದು ಎದೆಯುಬ್ಬಿಸಿ ಹೇಳಿದರು. ಸುಳ್ಳೇನೂ ಅಲ್ಲ, ಎಲ್ಲ ಮಕ್ಕಳ ಹೆಸರೂ ಪುಸ್ತಕದಲ್ಲಿತ್ತು. ನವೆಂಬರ್‌ನಿಂದ ಜನವರಿಯವರೆಗಿನ ಹಾಜರಿಯನ್ನು ಓಣಿವಾರು ಬರೆದು ನೋಡಿದೆವು. ಊರ ಮುಂದಿನ ಓಣಿಗಳ ಮಕ್ಕಳು ಹೆಚ್ಚುಕಡಿಮೆ ದಿನವೂ ಬಂದಿದ್ದರು. ತಾಂಡಾದ ಮಕ್ಕಳು ಮತ್ತು ಊರ ಹೊರಗಿನ ಓಣಿಯ ಮಕ್ಕಳ ಸಾಲಿನಲ್ಲಿ ವಾರಗಟ್ಟಲೆ ಗೈರು. ಅದು ಹತ್ತಿ ಬಿಡಿಸುವ ಕಾಲ. ಕೆಲವರ ಮನೆಗೆ ಬೀಗ, ಎಲ್ಲರೂ ಗುಳೆ ಹೋಗಿದ್ದರು. ಇನ್ನು ಕೆಲವರಲ್ಲಿ ತಾಯಿ ಹೊಲಕ್ಕೆ, ಹತ್ತು ವರ್ಷದ ಮಗಳು ಮನೆಯಲ್ಲಿ ಕೂಸು ನೋಡಿಕೊಳ್ಳಲು. ಆ ಪಟ್ಟಿಯನ್ನು ಓದುವಾಗ ಸಭೆ ತೆಪ್ಪಗಾಯಿತು. ‘ಓಣಿ’ ಎಂಬ ಸಾಧು ಮಾತಿನ ಹಿಂದೆ ಇರುವುದು ಜಾತಿ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಒಬ್ಬ ಶಿಕ್ಷಕಿ ಮಾತ್ರ, ‘ಇಷ್ಟು ದಿನ ಇವರನ್ನೆಲ್ಲ ದಡ್ಡರು ಎಂದುಕೊಂಡಿದ್ದೆ, ಇವರು ನನ್ನ ಪಾಠ ಕೇಳಿಯೇ ಇಲ್ಲವಲ್ಲ’ ಎಂದರು.

ಅಲ್ಲಿಂದ ಮುಂದೆ ಮಾತಿನ ದಾರಿಯೇ ಬೇರೆಯಾಯಿತು. ಕೂಸು ನೋಡಿಕೊಳ್ಳುವ ಹುಡುಗಿಗೆ ‘ಶಿಕ್ಷಣದ ಮಹತ್ವ’ ಕುರಿತು ಜಾಗೃತಿ ಜಾಥಾ ಮಾಡಿ ಪ್ರಯೋಜನವಿಲ್ಲ. ಆಕೆಗೆ ಬೇಕಾದದ್ದು ಕೂಸನ್ನು ಬಿಡಲು ಒಂದು ಜಾಗ. ಉದ್ಯೋಗ ಖಾತ್ರಿಯಲ್ಲಿ ದುಡಿಯುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಯೋಜನೆ 2023–24ರಲ್ಲಿ ಬಂದಿದೆ. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ, ಇದ್ದರೆ ಬಾಗಿಲು ತೆರೆದಿರುತ್ತದೆಯೇ, ಹತ್ತಿಯ ಹಂಗಾಮಿನಲ್ಲಿ ಎಷ್ಟು ಹೊತ್ತು? ಈ ಪ್ರಶ್ನೆಗೆ ‘ಪಾಲಕರಿಗೆ ಕಾಳಜಿ ಇಲ್ಲ’ ಎಂಬುದು ಉತ್ತರವಾಗಲಾರದು.

ಇನ್ನು ಶಿಕ್ಷಕರ ಲೆಕ್ಕ. ಇಲ್ಲಿ ಒಂದು ಕಣ್ಕಟ್ಟು ನಡೆಯುತ್ತದೆ, ಎಚ್ಚರವಿರಲಿ. 96 ಮಕ್ಕಳನ್ನು ಮೂವರು ಶಿಕ್ಷಕರಿಂದ ಭಾಗಿಸಿದರೆ 32 ಬರುತ್ತದೆ. ‘ಅನುಪಾತ ಸರಿಯಾಗಿಯೇ ಇದೆಯಲ್ಲ’ ಎಂದು ಯಾರಾದರೂ ಹೇಳಬಹುದು. ಕಾಯ್ದೆಯ ಅನುಸೂಚಿ ಹಾಗೆ ಭಾಗಿಸಲು ಹೇಳುವುದಿಲ್ಲ. ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಆರರಿಂದ ಎಂಟಕ್ಕೆ ಮಕ್ಕಳು ಎಷ್ಟೇ ಕಡಿಮೆಯಿದ್ದರೂ ಗಣಿತ–ವಿಜ್ಞಾನಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು. ಅಂದರೆ ನಿಮ್ಮ ಶಾಲೆಗೆ ಕನಿಷ್ಠ ಐವರು ಬೇಕು. ಇರುವ ಮೂವರಲ್ಲಿ ಒಬ್ಬರು ಪ್ರಭಾರ ಮುಖ್ಯ ಶಿಕ್ಷಕರಾಗಿದ್ದರೆ, ಮೊಟ್ಟೆ–ಹಾಲಿನ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು, ತಾಲ್ಲೂಕು ಕೇಂದ್ರದ ಸಭೆಗಳು ಎಲ್ಲವೂ ಅವರ ತಲೆಯ ಮೇಲೆ. ಆರರಿಂದ ಎಂಟನೇ ತರಗತಿಯ ಮಕ್ಕಳ ಸಂಖ್ಯೆಯೇ 100 ದಾಟಿದರೆ ಪೂರ್ಣಕಾಲಿಕ ಮುಖ್ಯ ಶಿಕ್ಷಕರನ್ನು ಕೇಳಬಹುದು. ಮಕ್ಕಳ ಸಂಖ್ಯೆ ಹೆಚ್ಚಿದಂತೆ ಶಾಲೆ ಕೇಳಬಹುದಾದ ಶಿಕ್ಷಕರ ಸಂಖ್ಯೆಯೂ ಹೆಚ್ಚುತ್ತದೆ ಎಂಬುದನ್ನು ದಾಖಲಾತಿ ಆಂದೋಲನದ ಹೊತ್ತಿಗೆ ಊರಿಗೆಲ್ಲ ಹೇಳಿ.

ಈ ಲೆಕ್ಕವನ್ನು ಶಿಕ್ಷಕರ ಎದುರಿಗೇ, ಅವರ ಪರವಾಗಿ ಇಡಿ. ‘ಪಾಠ ನಡೆಯುವುದಿಲ್ಲ’ ಎಂಬ ದೂರು ‘ಪಾಠ ಮಾಡಲು ಇಬ್ಬರು ಕಡಿಮೆ ಇದ್ದಾರೆ’ ಎಂದಾದಾಗ ಶಿಕ್ಷಕರು ನಿಮ್ಮ ಪಕ್ಕಕ್ಕೆ ಬಂದು ನಿಲ್ಲುತ್ತಾರೆ. ಎಲ್ಲರೂ ಬರುತ್ತಾರೆ ಎಂದು ಹೇಳಲಾರೆ. ಪೇಟೆಯಿಂದ ಹನ್ನೊಂದಕ್ಕೆ ಬಂದು ಮೂರಕ್ಕೆ ಹೊರಡುವವರೂ ಇದ್ದಾರೆ. ಅವರ ವಿಷಯ ಬೇರೆ, ಅದನ್ನು ಬೇರೆಯಾಗಿಯೇ ಮಾತನಾಡಬೇಕು. ಇನ್ನೊಂದು ಗೊಂದಲವೂ ನಿಮ್ಮಲ್ಲಿ ಇರಬಹುದು. ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂರಿಸುವುದನ್ನು ಕಂಡು ಪಾಲಕರು ಅದು ಉಡಾಫೆ ಎಂದುಕೊಳ್ಳುತ್ತಾರೆ. ಅದು ನಲಿ–ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ಈ ಪದ್ಧತಿಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಅಲ್ಲಿ ಒಟ್ಟಿಗೆ ಕೂರಿಸುವುದು ಉದ್ದೇಶಪೂರ್ವಕ. ನಾಲ್ಕು, ಐದು, ಆರನ್ನು ಒಂದೇ ಕೋಣೆಗೆ ತುಂಬಿದ್ದರೆ ಮಾತ್ರ ಅದು ಕೊರತೆ.

ಈಗ ಇಂಗ್ಲಿಷ್. ಈ ವಿಷಯದಲ್ಲಿ ನಮ್ಮಂಥ ಓದಿದವರು ಹಳ್ಳಿಯವರಿಗೆ ಬುದ್ಧಿ ಹೇಳುವುದನ್ನು ನಿಲ್ಲಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸ್ವಂತ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿಸಿ, ಕೂಲಿಯವರ ಮಕ್ಕಳಿಗೆ ಮಾತೃಭಾಷೆಯ ಹಿರಿಮೆ ಸಾರುವುದು ಯಾರ ಕಿವಿಗೂ ಇಂಪಾಗಿ ಕೇಳುವುದಿಲ್ಲ. ಊರಿನವರು ಇಂಗ್ಲಿಷ್ ಎಂದಾಗ ಕೇಳುತ್ತಿರುವುದು ಸಮಾನತೆಯನ್ನು. ಮಾತೃಭಾಷೆ ಎಂಬುದು ಕೂಡ ನಿಮ್ಮ ಜಿಲ್ಲೆಯಲ್ಲಿ ಸರಳ ಸಂಗತಿಯಲ್ಲ. ಲಂಬಾಣಿ, ತೆಲುಗು, ಉರ್ದು ಮನೆಮಾತಿನ ಮಗುವಿಗೆ ಕನ್ನಡವೇ ಶಾಲೆಯಲ್ಲಿ ಕಲಿಯಬೇಕಾದ ಭಾಷೆ.

ಆದರೂ ಮಾಧ್ಯಮ ಬದಲಿಸಿದರೆ ಸಾಕು ಎಂಬುದನ್ನು ನಾನು ಒಪ್ಪುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಕನ್ನಡ ಅಥವಾ ಮಾತೃಭಾಷೆಯನ್ನೇ ಮಾಧ್ಯಮವಾಗಿಸುವ ರಾಜ್ಯದ 1994ರ ಭಾಷಾ ನೀತಿ ಇಪ್ಪತ್ತು ವರ್ಷ ನ್ಯಾಯಾಲಯಗಳಲ್ಲಿ ಸುತ್ತಾಡಿತು. ಕೊನೆಗೆ 2014ರ ಮೇ 6ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. ಅಷ್ಟರೊಳಗೆ, 2007ರಿಂದಲೇ, ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಒಂದು ವಿಷಯವಾಗಿ ಬಂದಿತ್ತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳನ್ನೂ ತೆರೆದರು. ಹಾಗಾಗಿ ನಿಮ್ಮ ಊರ ಹಿರಿಯರು ಅಸಾಧ್ಯವಾದದ್ದನ್ನೇನೂ ಕೇಳುತ್ತಿಲ್ಲ. ಆದರೆ ಅವರನ್ನು ಒಂದು ಮಾತು ಕೇಳಿ: ಇರುವ ಮೂವರು ಶಿಕ್ಷಕರೇ ನಾಳೆಯಿಂದ ಇಂಗ್ಲಿಷ್ ಮಾಧ್ಯಮವನ್ನೂ ನಡೆಸಬೇಕಾದರೆ ಯಾವ ಮಗುವಿನ ಪಾಠ ನಿಲ್ಲುತ್ತದೆ? ಹೊಸ ವಿಭಾಗಕ್ಕೆ ಯಾರ ಮಕ್ಕಳು ಸೇರುತ್ತಾರೆ, ಹಳೆಯದರಲ್ಲಿ ಯಾರ ಮಕ್ಕಳು ಉಳಿಯುತ್ತಾರೆ? ಒಂದೇ ಶಾಲೆಯ ಅಂಗಳದಲ್ಲಿ ಎರಡು ಪಂಕ್ತಿ ಹಾಕಿದಂತಾಗುವುದನ್ನು ನಾನು ಕಂಡಿದ್ದೇನೆ.

ನನ್ನನ್ನು ಕೇಳಿದರೆ, ಮೊದಲು ಒಂದು ಸಂಜೆ ಅಂಗಳದಲ್ಲಿ ಮೂರು, ನಾಲ್ಕು, ಐದನೇ ತರಗತಿಯ ಮಕ್ಕಳಿಂದ ಎರಡನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದಿಸಿ. ಪಾಲಕರು ಸುತ್ತ ಕುಳಿತಿರಲಿ. ಯಾರಿಗೂ ಅವಮಾನವಾಗದಂತೆ ಇಬ್ಬಿಬ್ಬರನ್ನು ಜೊತೆಯಾಗಿ ಓದಿಸಿ, ಅಂಕ ಕೊಡಬೇಡಿ. ಓದು ಬಾರದ ತಾಯಿಗೂ ತನ್ನ ಮಗು ಓದುತ್ತಿದೆಯೋ ತಡವರಿಸುತ್ತಿದೆಯೋ ಎಂಬುದು ಕಿವಿಗೆ ತಿಳಿಯುತ್ತದೆ. ಕನ್ನಡದಲ್ಲಿ ಓದಲು ಬಾರದ ಮಗುವಿಗೆ ಪರಿಸರ ಅಧ್ಯಯನವನ್ನು ಇಂಗ್ಲಿಷಿನಲ್ಲಿ ಹೇಳಿದರೆ ಕಲಿಯುತ್ತದೆಯೇ ಎಂಬುದನ್ನು ಆಮೇಲೆ ಅವರೇ ನಿರ್ಧರಿಸಲಿ. ಇಂಗ್ಲಿಷನ್ನು ಚೆನ್ನಾಗಿ ಕಲಿಸುವ ಒಬ್ಬ ಶಿಕ್ಷಕರನ್ನು ಕೇಳುವುದು ಮಾಧ್ಯಮ ಕೇಳುವುದಕ್ಕಿಂತ ದೊಡ್ಡ ಬೇಡಿಕೆ ಎಂದು ನನ್ನ ನಂಬಿಕೆ.

ಸಭೆಯಲ್ಲಿ ಯಾರೂ ಆಡದ ಮಾತೊಂದಿದೆ, ಅದನ್ನು ನೀವೂ ನಿಧಾನವಾಗಿಯೇ ಆಡಬೇಕು. ಬೆಳಿಗ್ಗೆ ಊರಿಗೆ ಬರುವ ಖಾಸಗಿ ಶಾಲೆಯ ವ್ಯಾನಿನಲ್ಲಿ ಎಷ್ಟು ಗಂಡುಮಕ್ಕಳು, ಎಷ್ಟು ಹೆಣ್ಣುಮಕ್ಕಳು ಹತ್ತುತ್ತಾರೆ ಎಂದು ಎರಡು ದಿನ ಎಣಿಸಿ. ಒಂದೇ ಮನೆಯ ಅಣ್ಣ ಟೈ ಕಟ್ಟಿಕೊಂಡು ವ್ಯಾನ್ ಹತ್ತುವುದು, ತಂಗಿ ಸರ್ಕಾರಿ ಶಾಲೆಗೆ ನಡೆದು ಬರುವುದು ನಮ್ಮಲ್ಲಿ ಸಾಮಾನ್ಯ ದೃಶ್ಯ. ಪಂಚಾಯಿತಿ ಸದಸ್ಯರ ಮಕ್ಕಳು ಆ ವ್ಯಾನಿನಲ್ಲಿ ಇದ್ದಾರೆಯೇ ನೋಡಿ, ಅಷ್ಟೇ ಏಕೆ, ನಿಮ್ಮ ಶಾಲೆಯ ಶಿಕ್ಷಕರ ಮಕ್ಕಳು ಎಲ್ಲಿ ಓದುತ್ತಾರೆ ನೋಡಿ. ಯಾರನ್ನೂ ಚುಚ್ಚಲು ಇದನ್ನು ಹೇಳುತ್ತಿಲ್ಲ, ಯಾರ ಮಕ್ಕಳು ಎಲ್ಲಿ ಓದಬೇಕೆಂಬುದು ಅವರವರ ಇಷ್ಟ. ಆದರೆ ತಹಶೀಲ್ದಾರರ ಕಚೇರಿಯಲ್ಲಿ ಕುರ್ಚಿ ಎಳೆದುಕೊಂಡು ಕೂರಬಲ್ಲವರೆಲ್ಲ ಶಾಲೆ ಬಿಟ್ಟು ಹೋದ ಮೇಲೆ, ಅಲ್ಲಿ ಉಳಿಯುವುದು ಬಾಗಿಲ ಬಳಿ ನಿಲ್ಲುವವರ ಮಕ್ಕಳು. ಸರ್ಕಾರಿ ಶಾಲೆಯ ದನಿ ಕುಗ್ಗಿರುವುದಕ್ಕೆ ಇದು ದೊಡ್ಡ ಕಾರಣ.

‘ಆರ್‌ಟಿಇ ಸೀಟು ಕೊಡಿಸಿ’ ಎಂದೂ ಯಾರಾದರೂ ಕೇಳಬಹುದು. ಖಾಸಗಿ ಶಾಲೆಗಳಲ್ಲಿ ಶೇ 25ರಷ್ಟು ಸೀಟುಗಳನ್ನು ಬಡ ಮತ್ತು ಹಿಂದುಳಿದ ಮಕ್ಕಳಿಗೆ ಕೊಡಬೇಕೆಂಬ ನಿಯಮ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ (ಆರ್‌ಟಿಇ) ಇದೆ. ನಮ್ಮ ರಾಜ್ಯ 2018ರ ಡಿಸೆಂಬರ್‌ನಲ್ಲಿ ನಿಯಮ ತಿದ್ದಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಸೀಟಿಲ್ಲ ಎಂದಿತು. 2019ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವರ್ಷಕ್ಕೆ ಲಕ್ಷದಷ್ಟಿದ್ದ ಪ್ರವೇಶ ಕೆಲವೇ ಸಾವಿರಕ್ಕೆ ಕುಸಿಯಿತು. 2024ರಲ್ಲಿ ಮಹಾರಾಷ್ಟ್ರ ಇದೇ ದಾರಿ ಹಿಡಿದಾಗ ಬಾಂಬೆ ಹೈಕೋರ್ಟ್ ಒಪ್ಪಲಿಲ್ಲ. ಖಾಸಗಿ ಶಾಲೆಗೆ ಕಟ್ಟುವ ಹಣದಲ್ಲಿ ನಮ್ಮದೇ ಶಾಲೆಗಳನ್ನು ಗಟ್ಟಿ ಮಾಡೋಣ ಎಂಬ ವಾದದಲ್ಲಿ ಆಗ ನನಗೂ ಹುರುಳು ಕಂಡಿತ್ತು. ಆದರೆ ನಿಮ್ಮ ಶಾಲೆಯಲ್ಲಿ ಐವರ ಜಾಗದಲ್ಲಿ ಮೂವರಿರುವುದನ್ನು ನೋಡಿದರೆ ಆ ಮಾತಿನ ಎರಡನೇ ಅರ್ಧವನ್ನು ಮರೆತುಬಿಟ್ಟರು ಎನ್ನದೆ ವಿಧಿಯಿಲ್ಲ.

ಸಭೆ ನಡೆಸುವ ಬಗೆಗೆ ಎರಡು ಮಾತು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಯವರು ಬರುವುದಿಲ್ಲ. ಬಂದರೆ ಆ ದಿನದ ಕೂಲಿ ಕಳೆದುಕೊಳ್ಳುತ್ತಾರೆ. ಸಂಜೆ ಆರರ ನಂತರ ಇಡಿ, ಒಮ್ಮೆಯಾದರೂ ತಾಂಡಾದಲ್ಲಿ ಅಥವಾ ಹೊರಗಿನ ಓಣಿಯಲ್ಲಿ ಇಡಿ. ಎಲ್ಲರೂ ಕುರ್ಚಿಯ ಮೇಲೆ ಅಥವಾ ಎಲ್ಲರೂ ಜಮಖಾನೆಯ ಮೇಲೆ ಕೂರಲಿ. ಅರ್ಧ ಜನ ಕುರ್ಚಿ, ಅರ್ಧ ಜನ ನೆಲ ಎಂದಾದರೆ ನೆಲದಲ್ಲಿರುವವರು ಬಾಯಿ ತೆರೆಯುವುದಿಲ್ಲ. ಅಡುಗೆಯವರನ್ನೂ ಸಭೆಗೆ ಕರೆಯಿರಿ. ಯಾವ ಮಗು ಬೆಳಿಗ್ಗೆ ಹಸಿದುಕೊಂಡು ಬರುತ್ತದೆ, ಮಕ್ಕಳು ಊಟಕ್ಕೆ ಯಾರ ಪಕ್ಕ ಕೂರಲು ಹಿಂಜರಿಯುತ್ತಾರೆ ಎಂಬುದು ಶಿಕ್ಷಕರಿಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನಡಾವಳಿ ಪುಸ್ತಕದಲ್ಲಿ ‘ಶಾಲಾಭಿವೃದ್ಧಿ ಕುರಿತು ಚರ್ಚಿಸಲಾಯಿತು’ ಎಂಬ ಸಾಲಿಗೆ ಮಾತ್ರ ಸಹಿ ಹಾಕಲೇಬೇಡಿ. ಯಾರು, ಯಾವ ತಾರೀಕಿನೊಳಗೆ, ಏನು ಮಾಡುತ್ತಾರೆ ಎಂದು ಬರೆಯಿಸಿ, ಓದಿಸಿ ಕೇಳಿ, ಆಮೇಲೆ ಸಹಿ.

ಮಾತನಾಡಿದರೆ ಏನಾದರೂ ಆಗುತ್ತದೆಯೇ ಎಂದು ಕೇಳಿದ್ದೀರಿ. ಮಾತಿನಿಂದ ಮೂವರು ಶಿಕ್ಷಕರು ಐವರಾಗುವುದಿಲ್ಲ. ಅದಕ್ಕೆ ಅರ್ಜಿ ಬೇಕು. ಕಾಯ್ದೆಯ 32ನೇ ಕಲಂ ಪ್ರಕಾರ ದೂರನ್ನು ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತವಾಗಿ ಕೊಟ್ಟರೆ ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದವರೆಗೆ ಹೋಗಬಹುದು. ಕ್ಷೇತ್ರ ಶಿಕ್ಷಣಾಧಿಕಾರಿಗೂ ಪಂಚಾಯಿತಿಗೂ ಪ್ರತಿ ಕೊಟ್ಟು ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಈ ಮಾತು ಎತ್ತಿದರೆ ಅದೂ ದಾಖಲೆಯಾಗುತ್ತದೆ. ಹೀಗೆ ಮಾಡಿಯೂ ಶಿಕ್ಷಕರು ಬಾರದ ಊರುಗಳಿವೆ, ಸುಳ್ಳು ಭರವಸೆ ಕೊಡಲಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲೇ ರಾಜ್ಯದ 114 ತಾಲ್ಲೂಕುಗಳು ಹಿಂದುಳಿದಿವೆ ಎಂದು ಪಟ್ಟಿ ಕೊಟ್ಟಿತ್ತು. ನಿಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಬಂದು ದಶಕ ದಾಟಿತು. ಆದರೂ 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12, ಕಲಬುರಗಿಯದು ಶೇ 42.43. ಪ್ರತಿ ವರ್ಷ ಫಲಿತಾಂಶದ ದಿನ ನಿಮ್ಮ ಭಾಗದ ಜಿಲ್ಲೆಗಳನ್ನು ‘ಕೊನೆಯ ಸ್ಥಾನ’ ಎಂದು ಮುಖಪುಟದಲ್ಲಿ ಅಚ್ಚು ಮಾಡುವ ಪತ್ರಿಕೆಗಳು ಅಲ್ಲಿ ಎಷ್ಟು ಹುದ್ದೆಗಳು ಖಾಲಿ ಇವೆ ಎಂಬುದನ್ನೂ ಅದೇ ಗಾತ್ರದ ಅಕ್ಷರದಲ್ಲಿ ಅಚ್ಚು ಮಾಡಲಿ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಆದರೆ ಅರ್ಜಿಗೆ ಕಾಯದೆ ಆಗುವ ಕೆಲಸಗಳೂ ಇವೆ. ಆ ಇಬ್ಬರು ಹುಡುಗಿಯರ ಮನೆಗೆ ಹೋಗಿ. ಬರಿಯ ಸಮಿತಿಯಾಗಿ ಹೋಗಬೇಡಿ, ಅವರ ತಾಯಂದಿರ ಪರಿಚಯದವರನ್ನು ಜೊತೆಗೆ ಕರೆದುಕೊಂಡು ಹೋಗಿ. ಮದುವೆಯ ಮಾತು ನಡೆದಿದೆಯೇ, ಹೊಲದ ಕೆಲಸವೇ, ಪ್ರೌಢಶಾಲೆ ದೂರವೇ, ದಾರಿಯಲ್ಲಿ ಯಾರಾದರೂ ಕೀಟಲೆ ಮಾಡುತ್ತಾರೆಯೇ ಎಂದು ಕೇಳಿ. ಎಂಟನೇ ತರಗತಿಯವರಿಗೆ ಕೊಡುತ್ತಿದ್ದ ಸೈಕಲ್ ಕೊರೊನಾ ನಂತರ ನಿಂತುಹೋಯಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿದೆ. ಆದರೆ ಟಿಕೆಟ್ ಉಚಿತವಾದರೆ ಸಾಲದು, ಬಸ್ಸು ಬರಬೇಕು, ಅದೂ ಪ್ರೌಢಶಾಲೆಯ ಗಂಟೆ ಹೊಡೆಯುವುದಕ್ಕೆ ಮುಂಚೆ. ನಿಮ್ಮೂರಿಗೆ ಬೆಳಿಗ್ಗೆಯ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಸಂಜೆಯದು ಎಷ್ಟಕ್ಕೆ ಎಂದು ಬರೆದುಕೊಳ್ಳಿ. ಈ ವರ್ಷ ಎಂಟರಲ್ಲಿರುವ ಹುಡುಗಿಯರ ಹೆಸರುಗಳನ್ನು ಅದರ ಕೆಳಗೆ ಬರೆದು, ಎಸ್‌ಡಿಎಂಸಿ ಮುದ್ರೆ ಹಾಕಿ, ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಘಟಕ ವ್ಯವಸ್ಥಾಪಕರಿಗೆ ಏಪ್ರಿಲ್‌ನಲ್ಲೇ ಕೊಡಿ. ಜೂನ್‌ನಲ್ಲಿ ಕೊಟ್ಟರೆ, ಬಸ್ಸಿನ ವೇಳೆ ಬದಲಾಗುವಷ್ಟರಲ್ಲಿ ಅವರಲ್ಲಿ ಒಬ್ಬಿಬ್ಬರು ಹತ್ತಿ ಹೊಲದಲ್ಲಿರುತ್ತಾರೆ.